ಬಸ್ಸಿನಲ್ಲಿ ಬಂದ ಬ್ಯಾಂಡು

ಆತ್ಮೀಯ ಓದುಗರೇ,

ಈ ಸಲ ಮ್ಯೂನಿಕ್‌ನ ಒಂದು ಬ್ಯಾಂಡಿನ ಬಗ್ಗೆ ಬರೆಯುತ್ತಿದ್ದೇನೆ. ಮುಂಬೈ ಕನ್ನಡಿಗರಿಗೂ ಅದಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು. ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ.

ಬ್ಯಾಂಡಿನ ಹೆಸರು ಎಂಬ್ರಿಯೋ. ಕಟ್ಟಿದವರು ಕ್ರಿಸ್ಟಿಯನ್ ಬುರ್ಖಾರ್ಡ್, 1969ರಲ್ಲಿ. ಡ್ರಮ್ಸ್ ಮತ್ತು ವೈಬ್ರಾಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ) ನುಡಿಸುತ್ತಿದ್ದವರು. ರಾಕ್ ಮತ್ತು ಜಾಝ್ ಬೆರೆಸಿ ಶುರು ಮಾಡಿದರು, ಆಮೇಲೆ ಕಿವಿಗೆ ಹಿಡಿಸಿದ್ದನ್ನೆಲ್ಲ ಸೇರಿಸಿಕೊಳ್ಳುತ್ತಾ ಹೋದರು. ಬ್ಯಾಂಡಿನಲ್ಲಿ ಬಂದು ಹೋದವರು ನೂರಾರು ಜನ. ದೊಡ್ಡ ಕಂಪನಿಗಳ ಹಂಗು ಬೇಡವೆಂದು 1976ರಲ್ಲಿ ಬೇರೆ ಬ್ಯಾಂಡುಗಳ ಜೊತೆ ಸೇರಿ ಸ್ವಂತ ರೆಕಾರ್ಡ್ ಕಂಪನಿಯನ್ನೇ ಶುರು ಮಾಡಿದರು. ವಿಚಿತ್ರ ಜನ ಅಂತ ಹೆಸರಾಗಿತ್ತು. ನನಗಂತೂ ಅದು ಧೈರ್ಯ ಅನ್ನಿಸುತ್ತದೆ.

1977ರಲ್ಲಿ ಬಂದ ಅವರ 'ಅಪೋ-ಕಲಿಪ್ಸೋ' ಆಲ್ಬಂನಲ್ಲಿ ಹಾಡಿದವರು ಯಾರು ಗೊತ್ತೇ? ಠುಮ್ರಿ ಎಂಬ ಹಿಂದುಸ್ತಾನಿ ಲಘು ಶಾಸ್ತ್ರೀಯ ಗಾಯನಕ್ಕೆ ಹೆಸರಾದ ಶೋಭಾ ಗುರ್ಟು. ಬೆಳಗಾವಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬಾಳಿದವರು. ಅವರ ಮಗ, ತಾಳವಾದ್ಯಗಾರ ತ್ರಿಲೋಕ್ ಗುರ್ಟು ಕೂಡ ಆ ಆಲ್ಬಂನಲ್ಲಿದ್ದಾರೆ.

ಮರುವರ್ಷ ಬ್ಯಾಂಡಿನವರು ಬಸ್ಸು ಹತ್ತಿದರು. ಜರ್ಮನಿಯಿಂದ ರಸ್ತೆಯಲ್ಲೇ ಇರಾನ್, ಅಫ್ಘಾನಿಸ್ತಾನ ದಾಟಿ ಭಾರತಕ್ಕೆ! ಕಾಬೂಲಿನಲ್ಲಿ ಅಲ್ಲಿಯ ವಾದ್ಯಗಾರರ ಜೊತೆ ಕೂತು ನುಡಿಸಿದರು. ಬೆಂಗಳೂರಿನಲ್ಲಿ ಅವರಿಗೆ ಜೊತೆಯಾದದ್ದು ಮೃದಂಗ ವಾದಕ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ತಾಳವಾದ್ಯ ಶಾಲೆ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮೃದಂಗ, ಘಟ, ಆರ್.ಎ. ರಮಾಮಣಿಯವರ ಗಾಯನ ಮತ್ತು ಕೊನ್ನಕ್ಕೋಲು, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕಲೆ. ಈ ಸಂಸ್ಥೆಯೇ ಮುಂದೆ ಚಾರ್ಲಿ ಮರಿಯಾನೋ ಎಂಬ ಅಮೆರಿಕನ್ ಸ್ಯಾಕ್ಸೋಫೋನ್ ವಾದಕರ ಜೊತೆ 1983ರಲ್ಲಿ 'ಜ್ಯೋತಿ' ಆಲ್ಬಂ ಮಾಡಿತು. ಮರಿಯಾನೋ ನಾಗಸ್ವರವನ್ನೂ ಕಲಿತಿದ್ದರು. ಹೊರಗಿನಿಂದ ಬಂದವರು ನಮ್ಮ ತಾಳದ ಲೆಕ್ಕಾಚಾರವನ್ನು ಕಲಿಯಲು ಕೂತರು, ಅದಕ್ಕೇ ಆ ಸಂಗೀತ ಇವತ್ತಿಗೂ ಹಳಸಿಲ್ಲ. ಸುಮ್ನೆ ಎರಡು ವಾದ್ಯ ಪಕ್ಕಪಕ್ಕ ಇಟ್ಟರೆ ಇದು ಆಗುವುದಿಲ್ಲ.

ನಮ್ಮ ಮುಂಬೈಯಲ್ಲೂ ಇಂಥದ್ದು ನಡೆದಿದೆ. ಜಾಝ್ ಯಾತ್ರಾ ಉತ್ಸವ ಇಲ್ಲಿ 1978ರಲ್ಲಿ ಶುರುವಾಯಿತು. ಧೋಬಿ ತಲಾವ್ ಹತ್ತಿರದ ರಂಗ್ ಭವನ ಎಂಬ ಬಯಲು ರಂಗಮಂದಿರದ ಹೆಸರು ಹಳಬರಿಗೆ ನೆನಪಿರುತ್ತದೆ. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಬಂಟ್ವಾಳ ಕಡೆಯ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿದ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ತಾವೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹತ್ತಿದರು. ಕದ್ರಿಯವರ ಹೆಸರು ದೇಶದಾಚೆ ಹರಡಲು ಆ ಸಂಜೆ ದೊಡ್ಡ ಕಾರಣ.

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಭಾವಗೀತೆ ಇರಲಿ, ಯಕ್ಷಗಾನ ಇರಲಿ, ಎರಡೂ ನನಗೆ ಪ್ರೀತಿ. ಆದರೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಗಿಟಾರು, ಕೀಬೋರ್ಡು, ಡ್ರಮ್ಸ್ ಕಲಿಯುತ್ತಿದ್ದಾರೆ, ಅಲ್ವಾ? ಅವರಿಗೆ ನಮ್ಮ ವೇದಿಕೆಯಲ್ಲಿ ಜಾಗವೇ ಇಲ್ಲದಂತಾಗಿದೆ. ಇದು ನನಗೆ ತುಂಬಾ ಬೇಸರದ ವಿಷಯ. ಮಾತುಂಗ, ಡೊಂಬಿವಲಿಯ ಮನೆಗಳಲ್ಲಿ ಮೃದಂಗ ಹೇಳಿಕೊಡುವ ಗುರುಗಳಿದ್ದಾರೆ. ಆ ಗುರುಗಳ ಮುಂದೆ ಈ ಮಕ್ಕಳನ್ನು ಕೂರಿಸಬೇಕು. ಮೊದಲು ಆದಿತಾಳ ಕೈಯಲ್ಲಿ ಹಾಕಲಿ, ಆಮೇಲೆ ಡ್ರಮ್ ಕೋಲು ಹಿಡಿಯಲಿ.

ಮುಂದಿನ ರಾಜ್ಯೋತ್ಸವದಲ್ಲಿ ಅರ್ಧ ಗಂಟೆ ಈ ಮಕ್ಕಳ ವಾದನಕ್ಕೆ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿದ್ದೇನೆ. ನಿಮ್ಮ ಮನೆಯಲ್ಲಿ ವಾದ್ಯ ನುಡಿಸುವ ಮಕ್ಕಳಿದ್ದರೆ, ಕಲಿಸಲು ಮನಸ್ಸಿರುವ ಗುರುಗಳು ಪರಿಚಯವಿದ್ದರೆ, ದಯವಿಟ್ಟು ಕಾರ್ಯದರ್ಶಿಗಳಿಗೆ ಈಗಲೇ ತಿಳಿಸಿ. ತಾಲೀಮಿಗೆ ತಿಂಗಳುಗಳೇ ಬೇಕು.