ಬೆನ್ನುಮೂಳೆಗೆ ‘ಕರೆಂಟು’: ಎರಡೇ ದಿನ ಸರಿ, ಎರಡು ಮಿ.ಮೀ. ತಪ್ಪಿದರೆ?

ಮಾನ್ಯ ಸಂಪಾದಕರೇ,

ಬೆನ್ನುಮೂಳೆಯ ಕ್ಯಾನ್ಸರ್ ಗಡ್ಡೆಗೆ ‘ಎರಡೇ ದಿನದ ರೇಡಿಯೇಷನ್’ (ಜನರ ಬಾಯಲ್ಲಿ ‘ಕರೆಂಟು’) ಎಂಬ ಜಾಹೀರಾತು ಸುಳ್ಳಲ್ಲ, ಅರ್ಧ ಮಾತು. ಮಿಕ್ಕರ್ಧ ಇಲ್ಲಿದೆ.

ಸ್ತನ, ಶ್ವಾಸಕೋಶ, ಪ್ರಾಸ್ಟೇಟ್‌ನಿಂದ ಬೆನ್ನಿಗೆ ಹರಡಿದ ಗಡ್ಡೆಗೆ ಒಂದೇ ಸಲ 8 ಗ್ರೇ (ಗ್ರೇ ಎಂದರೆ ಕಿರಣದ ಡೋಸಿನ ಅಳತೆ), ಇಲ್ಲವೇ 5 ದಿನದಲ್ಲಿ 20 ಗ್ರೇ ಕೊಡುವುದು ರೂಢಿ. ಜಾಹೀರಾತಿನ ಹೊಸ ವಿಧಾನದಲ್ಲಿ 2 ಸಲಕ್ಕೆ 24 ಗ್ರೇ. ಪಕ್ಕದಲ್ಲೇ ಇರುವ ಬೆನ್ನುಹುರಿಗೆ ಮಾತ್ರ ಎರಡೂ ಸಲ ಸೇರಿ ಸುಮಾರು 17 ಗ್ರೇ ಮೀರಬಾರದು. ಕೆಲವೇ ಮಿ.ಮೀ.ಗಳಲ್ಲಿ ಡೋಸು ಅಷ್ಟು ಕಡಿದಾಗಿ ಇಳಿಯುವುದರಿಂದ, ರೋಗಿ 2 ಮಿ.ಮೀ. ಜರುಗಿದರೂ ಗಡ್ಡೆಯ ಪಾಲಿನ ಡೋಸು ಹುರಿಗೆ ಬೀಳುತ್ತದೆ. ಆ ಹಾನಿ ತಿಂಗಳುಗಳ ನಂತರ ಕಾಲಿನ ಬಲಹೀನತೆಯಾಗಿ ಕಾಣಿಸಿಕೊಳ್ಳುತ್ತದೆ.

ಹಾಗಾಗಿ ತೆಳು ಸೀಳಿನ ಸಿ.ಟಿ. ಮೇಲೆ ಹೊಸದಾಗಿ ತೆಗೆದ ಎಂ.ಆರ್.ಐ. ಹೊಂದಿಸಿಯೇ ಹುರಿಯ ಗಡಿ ಗುರುತಿಸಬೇಕು. ಟೈಟಾನಿಯಂ ಸ್ಕ್ರೂ ಇದ್ದರೆ ಚಿತ್ರ ಕಲಸಿಹೋಗುತ್ತದೆ, ಆಗ ಸಿ.ಟಿ. ಮೈಲೋಗ್ರಾಂ (ಹುರಿಯ ಸುತ್ತ ಔಷಧ ದ್ರವ ಬಿಟ್ಟು ತೆಗೆಯುವ ಸಿ.ಟಿ.) ಬೇಕಾಗಬಹುದು. ಚಿಕಿತ್ಸೆಯ ದಿನ ಯಂತ್ರದ ಮೇಲೆ ಮಲಗಿಸಿದ ಮೇಲೆ ಅದೇ ಯಂತ್ರದಲ್ಲಿ ಕೋನ್ ಬೀಮ್ ಸಿ.ಟಿ. ತೆಗೆದು, ಜರುಗಿದ್ದಷ್ಟೇ ಅಲ್ಲ ವಾಲಿದ್ದನ್ನೂ ಸರಿಪಡಿಸಿ, ವ್ಯತ್ಯಾಸ 1 ಮಿ.ಮೀ., 1 ಡಿಗ್ರಿಯೊಳಗೆ ಬಂದ ಮೇಲೆಯೇ ಕಿರಣ ಬಿಡಬೇಕು. ನಡುವೆ ಮತ್ತೊಮ್ಮೆ ಚಿತ್ರ. ಎದೆಭಾಗದ ಬೆನ್ನುಮೂಳೆಗಳು ಒಂದರಂತೆ ಒಂದಿರುತ್ತವೆ. ಕಂಪ್ಯೂಟರ್ ಚಿತ್ರವನ್ನು ಗಡ್ಡೆಯ ಪಕ್ಕದ ಮೂಳೆಗೆ ಅಚ್ಚುಕಟ್ಟಾಗಿ ಹೊಂದಿಸಿ ‘ಸರಿ’ ಎಂದುಬಿಡಬಹುದು. ಕಣ್ಣಿನಿಂದ ಎಣಿಸುವುದೇ ಮದ್ದು. ಇನ್ನು ರೋಗಿ ಮಿಸುಕಾಡುವುದು ಬಹುಪಾಲು ನೋವಿನಿಂದ. ಮಲಗಿಸುವ ಮೊದಲೇ ನೋವಿನ ಮಾತ್ರೆ ಕೊಡುವುದು ಅಲುಗಾಡದಂತೆ ಕಟ್ಟುವ ಯಾವ ದುಬಾರಿ ಬೆಲ್ಟಿಗೂ ಕಡಿಮೆಯಲ್ಲ.

ಫಲವೇನು? 2021ರಲ್ಲಿ ಪ್ರಕಟವಾದ ಕೆನಡಾ-ಆಸ್ಟ್ರೇಲಿಯಾ ಅಧ್ಯಯನದಲ್ಲಿ 3 ತಿಂಗಳಿಗೆ ನೋವು ಪೂರ್ತಿ ಹೋದವರು ಹೊಸ ವಿಧಾನದಲ್ಲಿ 35%, 20 ಗ್ರೇ ಪಡೆದವರಲ್ಲಿ 14%. ಆದರೆ ಒಂದೇ ಸಲಕ್ಕೆ 16–18 ಗ್ರೇ ಕೊಟ್ಟ ಅಮೆರಿಕದ ಅಧ್ಯಯನದಲ್ಲಿ ಅದು ಹಳೆಯ 8 ಗ್ರೇಯನ್ನು ಮೀರಿಸಲಿಲ್ಲ. ಹೆಚ್ಚು ಡೋಸಿನಿಂದ ಮೂಳೆ ಕುಸಿಯುವ ಅಪಾಯವೂ ಉಂಟು. ನೋವಿಗಷ್ಟೇ ಆದರೆ ಎಷ್ಟೋ ಜನರಿಗೆ ಒಂದು ದಿನದ 8 ಗ್ರೇ ಸಾಕು. ಅದಕ್ಕಾಗಿ ಹೊಲ ಮಾರಬೇಕಿಲ್ಲ.

ಕಾಲು ಸೋಲುತ್ತಿದ್ದರೆ, ಮೂತ್ರ ಕಟ್ಟಿದರೆ ಮಾತು ಬೇರೆ, ಗಡ್ಡೆ ಹುರಿಯನ್ನು ಒತ್ತುತ್ತಿರಬಹುದು. ಎರಡು ದಿನದ ಚಿಕಿತ್ಸೆಯ ತಯಾರಿಗೇ ಹಲವು ದಿನ ಹಿಡಿಯುತ್ತದೆ. ಅಂಥವರು ಅದೇ ದಿನ ಆಸ್ಪತ್ರೆ ಸೇರಿ, ಸ್ಟೀರಾಯ್ಡ್ ಆರಂಭಿಸಿ, ಬೆನ್ನುಮೂಳೆ ಶಸ್ತ್ರವೈದ್ಯರಿಗೆ ತೋರಿಸಬೇಕು. ‘ಕರೆಂಟಿ’ನ ಸರದಿಗಾಗಿ ಮನೆಯಲ್ಲಿ ಕಾಯಬಾರದು.

– ವಿಕಿರಣ ಚಿಕಿತ್ಸಾ ವೈದ್ಯರು ಮತ್ತು ಭೌತತಜ್ಞರು, ಬೆಂಗಳೂರು