ಕಡುಬಣ್ಣದ ಶರ್ಟಿನ ಪ್ರಿಂಟ್ ಬದಲಾಗಿದೆ: ನಮ್ಮ ಗ್ರಾಹಕರಿಗೊಂದು ಪತ್ರ

ನಮಸ್ಕಾರ.

ಸುತ್ತಿ ಬಳಸದೆ ಹೇಳಿಬಿಡುತ್ತೇವೆ. ಈ ತಿಂಗಳಿಂದ ಕರಿ, ನೇವಿ, ಮೆರೂನ್‌ನಂಥ ಕಡುಬಣ್ಣದ ಕಾಟನ್ ಟೀ ಶರ್ಟುಗಳಿಗೆ ರಬ್ಬರ್ ಪ್ರಿಂಟ್ ನಿಲ್ಲಿಸಿದ್ದೇವೆ, ಇನ್ನು ಡಿಸ್ಚಾರ್ಜ್ ಪ್ರಿಂಟ್, ಅಂದರೆ ಬಟ್ಟೆಯ ಬಣ್ಣ ತೆಗೆದು ಹೊಡೆಯುವ ಪ್ರಿಂಟ್ ಮಾತ್ರ. ಶರ್ಟಿಗೆ 30 ರೂಪಾಯಿ ಹೆಚ್ಚು. 25 ಶರ್ಟಿಗಿಂತ ಕಡಿಮೆ ಆರ್ಡರ್ ಹಿಡಿಯುವುದಿಲ್ಲ. ಬೆಳಿಗ್ಗೆ ಕೊಟ್ಟು ಸಂಜೆ ಬಸ್ಸಿಗೆ ಒಯ್ಯುವ ಪದ್ಧತಿಯೂ ಇನ್ನಿಲ್ಲ, 8 ದಿನ ಬೇಕು. ಮಾರಿಕಾಂಬಾ ಜಾತ್ರೆ ವರ್ಷದಲ್ಲಿ ‘ಎರಡೇ ದಿನ ಇದೆ ಮಾರಾಯ್ರೇ, ಹೇಗಾದರೂ ಮಾಡಿಕೊಡಿ’ ಅಂದವರಿಗೆಲ್ಲ ರಾತ್ರಿ ಕೂತು ಮಾಡಿಕೊಟ್ಟಿದ್ದೇವೆ. ಈ ಇಂಕಿನಲ್ಲಿ ಅದು ಆಗದ ಮಾತು.

ವಾಲಿಬಾಲ್ ಟೀಮಿನವರು ಗಾಬರಿಯಾಗಬೇಡಿ. ಪಾಲಿಯೆಸ್ಟರ್ ಜರ್ಸಿಗೆ ಇದು ಕೆಲಸವನ್ನೇ ಮಾಡುವುದಿಲ್ಲ. ನಿಮ್ಮದು ಹಳೇ ರೀತಿ, ಹಳೇ ದರ.

ಯಾಕೆ ಬದಲಾಯಿಸಿದಿರಿ ಅಂತ ಕೇಳುವವರಿಗೆ: ಬದಲಾಯಿಸಿ ಅಂದವರು ನೀವೇ. ಎದೆ ಮೇಲೆ ಟಾರ್ಪಾಲು ಅಂಟಿಸಿದ ಹಾಗಿದೆ, ಬೆವರು ಹೋಗುವುದಿಲ್ಲ, ಇಸ್ತ್ರಿ ಪೆಟ್ಟಿಗೆಗೆ ಅಂಟಿತು, ಹತ್ತು ತೊಳೆತಕ್ಕೆ ಬಿರುಕು ಬಿಟ್ಟಿತು ಎಂದೆಲ್ಲ ಕೇಳಿ ಕೇಳಿ ಸಾಕಾಗಿತ್ತು. ರಬ್ಬರ್ ಪ್ರಿಂಟ್ ಬಟ್ಟೆಯ ಮೇಲೆ ಕೂರುತ್ತದೆ. ಡಿಸ್ಚಾರ್ಜ್ ಹಾಗಲ್ಲ. ಅದು ನೂಲಿನಲ್ಲಿರುವ ಕರಿ ಬಣ್ಣವನ್ನೇ ತೆಗೆದು, ಆ ಜಾಗದಲ್ಲಿ ನಮ್ಮ ಬಣ್ಣ ಕೂರಿಸುತ್ತದೆ. ಕಣ್ಣು ಮುಚ್ಚಿ ಕೈಯಾಡಿಸಿದರೆ ಪ್ರಿಂಟ್ ಎಲ್ಲಿದೆ ಅಂತ ಗೊತ್ತಾಗಬಾರದು. ನಮ್ಮಲ್ಲಿ ಗೊತ್ತಾಗುವುದಿಲ್ಲ, ಇಷ್ಟು ಜಂಬ ನಮಗಿರಲಿ.

ಇನ್ನು ‘30 ರೂಪಾಯಿ ಸುಲಿಗೆ’ ಎಂಬ ಮಾತು. ಒಂದು ಕೇಜಿ ಇಂಕಿಗೆ ಸುಮಾರು 60 ಗ್ರಾಂ ಆಕ್ಟಿವೇಟರ್, ಅಂದರೆ ಬಟ್ಟೆಯ ಬಣ್ಣ ತೆಗೆಯುವ ಪುಡಿ, ತೂಗಿ ಹಾಕಿ, ಒಂದೂ ಗಂಟಿಲ್ಲದಂತೆ ಕಲಸಬೇಕು. ಗಂಟು ಉಳಿದರೆ ಶರ್ಟಿನ ಮೇಲೆ ಚುಕ್ಕಿ. ಕಲಸಿದ ಗಳಿಗೆಯಿಂದ ಅದರ ಆಯುಷ್ಯ ಇಳಿಯುತ್ತ ಹೋಗುತ್ತದೆ. ಆರೆಂಟು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ನಾಳೆಗೆ ಬಾರದು. ಬಿಗಿಯಾಗಿ ಮುಚ್ಚಿಟ್ಟರೆ ಗ್ಯಾಸ್ ಕಟ್ಟಿ ಡಬ್ಬಿಯೇ ಉಬ್ಬುತ್ತದೆ. ಹೀಗಾಗಿ ಐದು ಶರ್ಟಿಗೆ ಕಲಸಿದರೂ ನಷ್ಟ, ಹೆಚ್ಚು ಕಲಸಿದರೂ ನಷ್ಟ. 25ರ ಲೆಕ್ಕ ಹುಟ್ಟಿದ್ದು ಇಲ್ಲಿ. ಹಿಂದಿನ ಆರ್ಡರಿನ ಉಳಿಕೆ ಇಂಕು ನಿಮ್ಮ ಶರ್ಟಿಗೆ ಹಾಕಿದ್ದೇವೆ ಅಂತ ಪೇಟೆಯಲ್ಲಿ ಹೇಳುತ್ತ ತಿರುಗುವವರು ಒಮ್ಮೆ ಬಂದು ಆ ಉಳಿಕೆಯಲ್ಲಿ ಪ್ರಿಂಟ್ ಹೊಡೆದು ನೋಡಲಿ.

ಮೇಲಿಂದ ನಮ್ಮ ಶಿರಸಿ ಮಳೆಗಾಲ. ಬೆಂಕಿಪೆಟ್ಟಿಗೆಯೇ ಮೆತ್ತಗಾಗುವ ಊರಲ್ಲಿ ಆಕ್ಟಿವೇಟರ್ ಕೊಟ್ಟೆ ಒಡೆದು ಇಟ್ಟರೆ ಪುಡಿ ಥಂಡಿ ಹಿಡಿದು ಸತ್ವ ಕಳೆದುಕೊಳ್ಳುತ್ತದೆ. ಒಣಗಲೂ ಹೆಚ್ಚು ಹೊತ್ತು. 160 ಡಿಗ್ರಿಯಲ್ಲಿ ಸುಮಾರು ಎರಡು ನಿಮಿಷ ಬಿಸಿಗಾಳಿ ತಾಗಬೇಕು. ನಡುವೆ ಕರೆಂಟು ಕೈಕೊಟ್ಟರೆ ಪ್ರಿಂಟ್ ಅರ್ಧ ಮಾತ್ರ ಮೂಡಿ ನಿಂತುಬಿಡುತ್ತದೆ, ಮತ್ತೆ ಕಾಯಿಸಿದರೂ ಸರಿಹೋಗುವ ಭರವಸೆ ಇಲ್ಲ. ಆ ಶರ್ಟು ನಮ್ಮ ಲೆಕ್ಕಕ್ಕೆ. ಹೊಗೆ ಹೊರಗೆ ಎಳೆಯುವ ಫ್ಯಾನು ಬೇರೆ, ಹುಡುಗರು ದಿನವಿಡೀ ಅದರೆದುರೇ ನಿಲ್ಲುವವರಲ್ಲವೇ.

ಈಗ ನೀವು ಮತ್ತೆ ಮತ್ತೆ ಕೇಳುವ ದೂರು. ‘ಅದೇ ಕರಿ ಶರ್ಟು, ಅದೇ ಚಿತ್ರ, ಎರಡನೇ ಸಲ ಬಣ್ಣ ಯಾಕೆ ಬೇರೆ?’

ಒಂದು ಯಕ್ಷಗಾನ ಬಳಗದವರಿಗೆ ಮೊದಲು ಕಿರೀಟದ ಚಿತ್ರದ 60 ಶರ್ಟು ಮಾಡಿದ್ದೆವು. ಹಸಿ ಇರುವಾಗ ಕರಿ ಬಟ್ಟೆಯಲ್ಲಿ ಏನೂ ಕಾಣದು, ನೀರು ಚೆಲ್ಲಿದ ಹಾಗೆ ಒಂದು ಒದ್ದೆ ಕಲೆ ಅಷ್ಟೇ. ಬಿಸಿ ತಾಗುತ್ತಿದ್ದಂತೆ ಮೊದಲು ಅಂಚು, ಆಮೇಲೆ ನಡುವೆ, ಕಿರೀಟ ಪೂರ್ತಿ ಎದ್ದು ಬಂತು. ಕೆನೆಬಿಳಿ, ನೋಡಿ ನಾವೇ ಕುಣಿದೆವು. ಮೂರು ತಿಂಗಳ ಮೇಲೆ ಅವರೇ ಮತ್ತೆ 40 ಬೇಕೆಂದರು. ಅದೇ ಸ್ಕ್ರೀನು (ಚಿತ್ರದ ಅಚ್ಚು), ಪುಡಿಯದೂ ಅದೇ ತೂಕ. ಕಿರೀಟ ಎದ್ದದ್ದು ಇಟ್ಟಿಗೆ ಬಣ್ಣದಲ್ಲಿ.

ಕಾರಣ ಇಂಕಲ್ಲ, ಬಟ್ಟೆಗೆ ಹಾಕಿದ ಡೈ. ಕಣ್ಣಿಗೆ ಎಲ್ಲ ಕರಿಯೂ ಒಂದೇ. ಆದರೆ ತಿರುಪ್ಪೂರಿನಿಂದ ಬರುವ ಒಂದು ಲಾಟಿನ ಕರಿ ಮತ್ತೊಂದರ ಹಾಗಿರುವುದಿಲ್ಲ. ರಿಯಾಕ್ಟಿವ್ ಎಂಬ ಜಾತಿಯ ಡೈ ಹೆಚ್ಚಾಗಿ ಸಲೀಸಾಗಿ ಬಟ್ಟೆ ಬಿಡುತ್ತದೆ. ಸಲ್ಫರ್ ಡೈ ಹಾಕಿದ ಕರಿ ಸರಿಯಾಗಿ ಬಿಡುವುದಿಲ್ಲ. ಬೇರೆ ಬಣ್ಣದ ಬಟ್ಟೆಗೇ ಮೇಲಿಂದ ಕರಿ ಹೊಡೆದಿದ್ದರೆ, ಕರಿ ಹೋಗಿ ಅಡಿಯ ಬಣ್ಣ ಇಣುಕುತ್ತದೆ. ಟರ್ಕಾಯ್ಸ್ ಮತ್ತು ಕೆಲವು ರಾಯಲ್ ಬ್ಲೂ, ಹಸಿರು ಏನು ಮಾಡಿದರೂ ಜಗ್ಗುವುದಿಲ್ಲ. ಬಟ್ಟೆ ಪೂರ್ತಿ ಬಣ್ಣ ಬಿಟ್ಟರೂ ಸಿಗುವುದು ಕಾಟನ್ನಿನ ಸಹಜ ಬಣ್ಣ. ಅಚ್ಚ ಬಿಳಿ ಬೇಕಾದರೆ ಬಿಳಿ ಪಿಗ್ಮೆಂಟ್ ಸೇರಿಸಬೇಕು, ಆಗಲೂ ಟ್ಯೂಬ್‌ಲೈಟಿನ ಬಿಳಿ ಬಾರದು.

ಹಾಗಂತ ಕೈತೊಳೆದುಕೊಳ್ಳುವುದಿಲ್ಲ. ಲಾಟ್ ಬದಲಾದದ್ದು ಬಂಡಲಿನ ಚೀಟಿಯಲ್ಲೇ ಇತ್ತು, ನಾವು ನೋಡಲಿಲ್ಲ. ಒಂದು ಶರ್ಟು ಪರೀಕ್ಷೆಗೆ ಹೊಡೆದು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ತಪ್ಪು ನಮ್ಮದು, ಕ್ಷಮಿಸಿ. ಆ 40 ಶರ್ಟನ್ನೂ ಬದಲಾಯಿಸಿಕೊಡುತ್ತಿದ್ದೇವೆ. ಇನ್ನು ಪ್ರತಿ ಲಾಟಿಗೂ ಒಂದು ಶರ್ಟು ಬಲಿ. ಅದನ್ನು ಹೊಡೆದು, ತೊಳೆದು, ನಿಮಗೆ ತೋರಿಸಿ, ನೀವು ಹೂಂ ಅಂದ ಮೇಲೆಯೇ ಉಳಿದದ್ದು. 8 ದಿನ ಕೇಳುವುದು ಇದಕ್ಕೆ. ಮನೆಯಿಂದ ಶರ್ಟು ತರುವವರು ಒಂದು ಹೆಚ್ಚಿಗೆ ತನ್ನಿ.

ವಾಸನೆ ಬಗ್ಗೆ ಎರಡು ಮಾತು. ಹೊಸ ಶರ್ಟಿಗೆ ಗಂಧಕದ ನಾತ ಇರುತ್ತದೆ, ಒಮ್ಮೆ ತೊಳೆದರೆ ಹೋಗುತ್ತದೆ. ತೊಳೆಯದೆ ಹಾಕಿಕೊಳ್ಳಬೇಡಿ. ಕೂಸುಗಳ ಬಟ್ಟೆಗೆ ಈ ಇಂಕು ನಾವು ಹಾಕುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ.

ಹೊಡೆದು ನೋಡಿದ ಶರ್ಟುಗಳನ್ನು ಕೌಂಟರಿನ ಮೇಲಿನ ಹಗ್ಗಕ್ಕೆ ನೇತುಹಾಕಿದ್ದೇವೆ, ಇಟ್ಟಿಗೆ ಬಣ್ಣದ ಕಿರೀಟವೂ ಅಲ್ಲೇ ಇದೆ. ಪೇಟೆಗೆ ಬಂದಾಗ ಮುಟ್ಟಿ ನೋಡಿ. ಯಕ್ಷಗಾನ ಬಳಗದವರೇ, 40ರಲ್ಲಿ 36 ಮರಳಿ ಬಂದಿವೆ. ಉಳಿದ ನಾಲ್ಕು ಯಾರ ಹತ್ತಿರ ಇವೆಯೋ, ತೊಳೆದಿದ್ದರೂ ಅಡ್ಡಿಯಿಲ್ಲ, ತಂದುಕೊಡಿ. ಹೊಸದು ಮಡಚಿ ಇಟ್ಟಿದ್ದೇವೆ.

ನಿಮ್ಮ,
ಪ್ರಿಂಟಿಂಗ್ ಅಂಗಡಿಯವರು, ಶಿರಸಿ