ಕಾರ್ನ್ ಎಂದರೆ ಮೆಕ್ಕೆಜೋಳವೊಂದೇ ಅಲ್ಲ

ಮಾನ್ಯ ಸಂಪಾದಕರೇ,

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮೊಮ್ಮಗಳ ಕೈಪಿಡಿಯೊಂದರಲ್ಲಿ, ಬ್ರಿಟನ್ನಿನಲ್ಲಿ 1815ರಲ್ಲಿ ಜಾರಿಗೆ ಬಂದು 1846ರಲ್ಲಿ ರದ್ದತಿಗೆ ಒಳಗಾದ ‘ಕಾರ್ನ್ ಲಾ’ಗಳನ್ನು ‘ಮೆಕ್ಕೆಜೋಳದ ಕಾಯ್ದೆಗಳು’ ಎಂದು ಕನ್ನಡಿಸಿದ್ದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಹೊರದೇಶದ ಗೋಧಿ ಅಗ್ಗದ ದರಕ್ಕೆ ಬಂದು ಅಲ್ಲಿನ ಜಮೀನ್ದಾರರ ವರಮಾನಕ್ಕೆ ಕುತ್ತು ತರದಿರಲೆಂದು ಮಾಡಿದ ಕಾಯ್ದೆಗಳವು. ಬ್ರೆಡ್ಡಿನ ಬೆಲೆಯೇ ಆ ಜಗಳದ ತಿರುಳಾಗಿತ್ತು.

‘ಕಾರ್ನ್’ ಮೂಲತಃ ನಮ್ಮ ‘ಕಾಳು’ ಇದ್ದಂತೆ. ಯಾವ ಸೀಮೆಯಲ್ಲಿ ಯಾವ ಪೈರು ಮುಖ್ಯವೋ ಅದಕ್ಕೆ ಆ ಹೆಸರು ಅಂಟಿಕೊಂಡು, ಇಂಗ್ಲೆಂಡಿನಲ್ಲಿ ಗೋಧಿಯೂ ಸ್ಕಾಟ್ಲೆಂಡಿನಲ್ಲಿ ಓಟ್ಸೂ ಕಾರ್ನ್ ಎನಿಸಿಕೊಂಡವು. ಅಮೆರಿಕಕ್ಕೆ ಹೋಗಿ ನೆಲೆಸಿದ ಇಂಗ್ಲಿಷರು ಅಲ್ಲಿನ ಮೂಲನಿವಾಸಿಗಳ ಬೆಳೆಯನ್ನು ‘ಇಂಡಿಯನ್ ಕಾರ್ನ್’ ಎಂದು ಕರೆದರು; ಬರಬರುತ್ತ ‘ಇಂಡಿಯನ್’ ಉದುರಿಹೋಯಿತು. ನಮಗೇನು ಇದು ಹೊಸದಲ್ಲ. ಕಲಬುರಗಿಯ ಮನೆಯಲ್ಲಿ ಜೋಳವೆಂದರೆ ರೊಟ್ಟಿಯ ಬಿಳಿಜೋಳ. ಬೆಂಗಳೂರಿನ ತಳ್ಳುಗಾಡಿಯ ಮುಂದೆ ನಿಂತು ‘ಒಂದು ಜೋಳ ಕೊಡಿ’ ಎಂದರೆ ಕೆಂಡದಲ್ಲಿ ಸುಟ್ಟು, ಉಪ್ಪುಖಾರ ಹಚ್ಚಿ, ನಿಂಬೆಹೋಳು ಉಜ್ಜಿದ ಮೆಕ್ಕೆಜೋಳದ ತೆನೆ ಕೈಗೆ ಬರುತ್ತದೆ.

ಹಳೆಯ ಅರ್ಥ ಇಂಗ್ಲಿಷಿನಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ‘ಪೆಪ್ಪರ್‌ಕಾರ್ನ್’ನಲ್ಲಿರುವುದು ನಮ್ಮ ಕಾಳುಮೆಣಸಿನ ಕಾಳೇ. ‘ಕಾರ್ನ್ಡ್ ಬೀಫ್’ ಎಂಬಲ್ಲಿ ಜೋಳದ ಸುಳಿವೂ ಇಲ್ಲ. ಮಾಂಸ ಕೆಡದಂತೆ ಹಾಕುತ್ತಿದ್ದ ಉಪ್ಪಿನ ಹರಳುಗಳಿಂದ ಅದಕ್ಕೆ ಆ ಹೆಸರು ಬಂದಿದೆ. ಬೀಜದ ತಿರುಳಿಗೆ ಹೇಳುವ ‘ಕರ್ನಲ್’ ಎಂಬುದು ಇದೇ ಕಾರ್ನ್‌ಗೆ ಕಿರಿದೆಂಬ ಅರ್ಥದ ಪ್ರತ್ಯಯ ಸೇರಿ ಆದದ್ದು. ಲ್ಯಾಟಿನ್ನಿನ ‘ಗ್ರಾನುಮ್’ನಿಂದ ಬಂದ ‘ಗ್ರೇನ್’ ಕೂಡ ದೂರದ ದಾಯಾದಿಯೇ. ಕಾಲಿನ ಆಣಿಗೆ ಹೇಳುವ ಕಾರ್ನ್ ಮಾತ್ರ ಬೇರೆ ಕುಲದ್ದು. ಅದರ ಮೂಲ ಕೊಂಬು ಎಂಬರ್ಥದ ಲ್ಯಾಟಿನ್ ಪದ.

ಅನುವಾದಕರ ಪರವಾಗಿಯೂ ಒಂದು ಮಾತು ಹೇಳಬಹುದು. ಮೆಕ್ಕೆಜೋಳ ಈ ಇತಿಹಾಸದೊಳಗೆ ಬರುವುದು ನಿಜ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾದಾಗ, ಮರುವರ್ಷ ಈ ಕಾಯ್ದೆಗಳನ್ನು ತೆಗೆಸಿದ ಪ್ರಧಾನಿ ರಾಬರ್ಟ್ ಪೀಲ್ ಅವರೇ ಅಮೆರಿಕದಿಂದ ಮೆಕ್ಕೆಜೋಳ ತರಿಸಿದ್ದರು. ಆದರೆ ಅದನ್ನು ಅವರ ಕಾಲದವರು ಕರೆದದ್ದು ‘ಇಂಡಿಯನ್ ಕಾರ್ನ್’ ಎಂದೇ. ಬರಿಯ ಕಾರ್ನ್ ಎಂದಿದ್ದರೆ ಗೋಧಿ ಎಂದುಕೊಳ್ಳುತ್ತಿದ್ದರು. ಕೈಪಿಡಿಯ ಮುಂದಿನ ಮುದ್ರಣದಲ್ಲಿ ‘ಧಾನ್ಯ ಕಾಯ್ದೆಗಳು’ ಎಂದು ತಿದ್ದಿದರೆ ಸಾಕು.

– ನಿವೃತ್ತ ಇತಿಹಾಸ ಉಪನ್ಯಾಸಕ, ಧಾರವಾಡ